ಹಲಗೆಯ ಮೇಲಿನ ಎರಡು ಸಾಲು

ಪ್ರೊಫೆಸರ್ ಸಾನ್ಯಾಲ್ ಹಲಗೆಯ ಮೇಲೆ ನಾಲ್ಕನೆಯ ಸಾಲು ಬರೆಯುವಾಗ ತಪ್ಪಿದರು. ಮುಂದಿನ ಬೆಂಚಿನಲ್ಲಿ ಕುಳಿತಿದ್ದ ವಿಶಾಲಾಕ್ಷಿ ತಲೆಯೆತ್ತಿದಳು. ಬೇರೆ ಯಾರೂ ಗಮನಿಸಿದಂತಿರಲಿಲ್ಲ.

ಪಾರ್ಕ್ ಸ್ಟ್ರೀಟಿನ ಹಿಂದಿನ ಓಣಿಯ ಗಣಿತ ಮಂಡಲಿಯಲ್ಲಿ ಅವಳ ಗಂಡ ಮಾಧವನ ಶೋಕಸಭೆ. ಮೇಜಿನ ಮೇಲೆ ಅವನ ಫೋಟೋ, ಅದಕ್ಕೆ ರಜನೀಗಂಧದ ಹಾರ. ಮಂಡಲಿಯಲ್ಲಿ ಯಾರಾದರೂ ತೀರಿಕೊಂಡರೆ ಭಾಷಣವಿಲ್ಲ; ಸತ್ತವರ ಕೊನೆಯ ಪ್ರಮೇಯವನ್ನು ಗುರುಗಳು ಹಲಗೆಯ ಮೇಲೆ ಸಾಧಿಸಿ ತೋರಿಸುತ್ತಾರೆ. ಅದು ಮಾಧವನ ಹೆಸರಿನಲ್ಲಿ ಅಚ್ಚಾಗುತ್ತದೆಂದು ಸಾನ್ಯಾಲರು ಆಗಲೇ ಸಾರಿದ್ದರು.

ಪ್ರಮೇಯ ಅವಳದು. ಜಾದವ್‌ಪುರದ ಬಾಡಿಗೆ ಮನೆಯಲ್ಲಿ, ಅನ್ನ ಬೇಯುವ ಹೊತ್ತಿನಲ್ಲಿ, ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಒರೆಸಿ ಕಂಡುಕೊಂಡದ್ದು. ಒಂದು ಕಾಲಕ್ಕೆ ಅವಳೂ ಸಾನ್ಯಾಲರ ವಿದ್ಯಾರ್ಥಿನಿ. ಮದುವೆಯಾದ ಮೇಲೆ ಅವರು ಅವಳನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು, ಇಲ್ಲಿಯ ಬಂಗಾಳಿಗಳು ಸೊಸೆಯನ್ನು ಕರೆಯುವಂತೆ ಬೌಮಾ ಎನ್ನತೊಡಗಿದರು. ಪ್ರಮೇಯವನ್ನು ಅವರಿಗೆ ವಿವರಿಸಿ ಬಂದವನು ಮಾಧವ. ಯಾರದೆಂದು ಹೇಳಿದ್ದನೋ, ಇಲ್ಲವೋ. ಆ ವಾರವೇ ಅವನಿಗೆ ಕಾಮಾಲೆ ಹಿಡಿಯಿತು. ಅವಳು ಕೇಳಲಿಲ್ಲ.

ಒಂದು ಬೀಜಗಣಿತವನ್ನು ಹುಟ್ಟಿಸುವ ಮೂಲಪದಗಳು ಅದರ ಜನಕಗಳು; ಅವುಗಳ ನಡುವೆ, ನಿಯಮಗಳು ಹೇರಿದ್ದನ್ನು ಬಿಟ್ಟು ಬೇರೆ ಸಂಬಂಧವೇ ಇಲ್ಲದಿದ್ದರೆ ಆ ಬೀಜಗಣಿತ ಮುಕ್ತ. ಅವಳು ಎತ್ತಿಕೊಂಡಿದ್ದ ಪ್ರಭೇದದಲ್ಲಿ, ಎಂದರೆ ಒಂದೇ ನಿಯಮಗಳನ್ನು ಪಾಲಿಸುವ ಬೀಜಗಣಿತಗಳ ಗುಂಪಿನಲ್ಲಿ, ಮುಕ್ತ ಬೀಜಗಣಿತದೊಳಗಿನ ಪ್ರತಿಯೊಂದು ಉಪಬೀಜಗಣಿತವೂ ಮುಕ್ತವೇ ಎಂಬುದು ಪ್ರಮೇಯ. ಸಾನ್ಯಾಲರು ಒಂದರಿಂದ ಇನ್ನೊಂದು ಹುಟ್ಟದಂಥ ಜನಕಗಳನ್ನು ಆರಿಸಿ, ಅಷ್ಟಕ್ಕೇ ಅವುಗಳ ನಡುವೆ ಸಂಬಂಧವಿಲ್ಲ ಎಂದುಬಿಟ್ಟಿದ್ದರು.

"ಎಂತ ಅತ್ತಿಗೆ? ನೀರು ಬೇಕಾ?" ಪಕ್ಕದಲ್ಲಿದ್ದ ಮೈದುನ ನರಹರಿ ಪಿಸುಗುಟ್ಟಿದ. ಭವಾನಿಪುರದ ಇಡ್ಲಿ ಹೋಟೆಲನ್ನು ಮಧ್ಯಾಹ್ನವೇ ಮುಚ್ಚಿ ಬಂದಿದ್ದ.

ಅವರು ಬರೆದದ್ದು ತಪ್ಪು ಎಂದಳು.

"ಇವತ್ತು ಬೇಡ ಅತ್ತಿಗೆ. ಅಣ್ಣನ ಹೆಸ್ರು ಉಳೀಲಿ. ಬರುವ ವಾರ ಊರಿಗೆ ಹೋಗುವವರು ನೀವು, ನಿಮಗೆ ಇನ್ನು ಇದೆಲ್ಲ ಎಂತಕ್ಕೆ?"

ಊರಿಗೆ ಹೋಗದೆ ಉಳಿಯಲು ಅವಳಿಗಿದ್ದದ್ದು ಈ ಪ್ರಮೇಯವೊಂದೇ. ಸಂಶೋಧನೆಗೆ ಜಾಗ ಕೊಡಿ ಎಂದು ಹೋದ ತಿಂಗಳು ಕೇಳಿದಾಗ ಸಾನ್ಯಾಲರು, ತೋರಿಸಲು ಸ್ವಂತದ್ದೇನಾದರೂ ಬೇಕಲ್ಲ ಬೌಮಾ, ಎಂದಿದ್ದರು.

ವಿಶಾಲಾಕ್ಷಿ ಎದ್ದು ಹೋಗಿ ಎರಡು ಸಾಲು ಬರೆದಳು. ಮೊದಲನೆಯದು ಉದಾಹರಣೆ: x ವರ್ಗ ಒಂದು, x ಮತ್ತು x ವರ್ಗದ ಮೊತ್ತ ಇನ್ನೊಂದು. ಒಂದರಿಂದ ಇನ್ನೊಂದು ಹುಟ್ಟುವುದಿಲ್ಲ. ಆದರೆ ಅವುಗಳ ವ್ಯತ್ಯಾಸವನ್ನು ವರ್ಗ ಮಾಡಿದರೆ ಮೊದಲನೆಯದೇ ಬಂದು ನಿಲ್ಲುತ್ತದೆ. ಎರಡನೆಯದು ಪರಿಹಾರ: ಆರಿಸುವಾಗ ಇಡೀ ಜನಕವನ್ನಲ್ಲ, ಅದರ ಅತ್ಯುನ್ನತ ಘಾತದ ಭಾಗವನ್ನು ನೋಡಬೇಕು.

ಸಾನ್ಯಾಲರು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಸಭೆಯತ್ತ ತಿರುಗಿದರು.

"ಮಾಧವ ಎಂಥ ಅಧ್ಯಾಪಕ, ನೋಡಿ. ಮನೆಯಲ್ಲಿ ಬೌಮಾಗೂ ಇಷ್ಟು ಕಲಿಸಿ ಹೋಗಿದ್ದಾನೆ."

"ಸರ್, ಇದು ನನ್ನದು."

"ಹೌದಮ್ಮ," ಎಂದು ಅವರು ಅವಳ ತಲೆಯ ಮೇಲೆ ಕೈಯಿಟ್ಟರು. "ಅವನದೆಲ್ಲ ಈಗ ನಿನ್ನದೇ."

ಮುಂದಿನ ಸಾಲಿನಲ್ಲಿ ಯಾರೋ ಕಣ್ಣೊರೆಸಿಕೊಂಡರು. ನರಹರಿಯೂ.

ಚಹಾ ಬಂತೆಂದು ಎಲ್ಲರೂ ವರಾಂಡಕ್ಕೆ ನಡೆದರು. ಶೋಕಸಭೆಯಲ್ಲಿ ಯಾರೂ ಪೆನ್ನು ತೆಗೆದಿರಲಿಲ್ಲ. ಹಲಗೆ ಒರೆಸಬೇಡ ಎಂದು ಸಾನ್ಯಾಲರು ಜವಾನನಿಗೆ ಹೇಳುವುದು ಕೇಳಿಸಿತು. ಬೌಮಾ ಬರೆದ ಕೊನೆಯ ಸಾಲು ನನಗೂ ಇನ್ನೂ ಹಿಡಿತಕ್ಕೆ ಬಂದಿಲ್ಲ, ನಾಳೆ ಬಂದು ನಿಧಾನವಾಗಿ ಬರೆದುಕೊಳ್ಳುತ್ತೇನೆ ಎನ್ನುತ್ತಿದ್ದರು.

ಕೋಣೆಯಲ್ಲಿ ಅವಳೊಬ್ಬಳೇ ಉಳಿದಳು. ಹಲಗೆಯ ಕೆಳಗೆ ಒದ್ದೆ ಬಟ್ಟೆ ಇತ್ತು. ತನ್ನ ಎರಡು ಸಾಲುಗಳನ್ನು ಮಾತ್ರ, ಮೇಲಿನದಕ್ಕೆ ತಾಗದಂತೆ, ಒರೆಸಿದಳು. ಸಾನ್ಯಾಲರ ನಾಲ್ಕು ಸಾಲು, ಅವುಗಳ ಮೇಲೆ ದಪ್ಪಕ್ಷರದಲ್ಲಿ ಮಾಧವನ ಹೆಸರು ಹಾಗೇ ಉಳಿದವು.

"ಹೋಗುವನಾ ಅತ್ತಿಗೆ?" ನರಹರಿ ಬಾಗಿಲಲ್ಲಿ ಸಂದೇಶ್ ಮಿಠಾಯಿಯ ಪೊಟ್ಟಣ ಹಿಡಿದು ನಿಂತಿದ್ದ. "ಕತ್ತಲಾದ್ರೆ ಬೀದಿಯಲ್ಲಿ ಗಲಾಟೆ ಉಂಟಂತೆ."

ಅವಳು ಬಟ್ಟೆಯನ್ನು ಮಡಿಸಿಟ್ಟಳು. ಹಲಗೆಯ ಮೇಲಿನ ಒದ್ದೆ ಪಟ್ಟಿ ಫ್ಯಾನಿನ ಗಾಳಿಗೆ ಅಂಚಿನಿಂದ ಆರುತ್ತಾ ಬಂತು.