ಎರಡು ಬೆರಳು ಕಡಿಮೆ

ಎರಡು ಬೆರಳು, ಅಷ್ಟೇ, ಕಡ್ಡಿಯ ತುದಿಗೂ ನಳಿಗೆಯ ಬುಡಕ್ಕೂ ನಡುವೆ ಎರಡೇ ಎರಡು ಬೆರಳಿನ ಜಾಗ, ಕೋವಿ ರಿಪೇರಿಯ ಮುದುಕ ಎಣ್ಣೆಗೈಯಲ್ಲೇ ಅಳೆದು ತೋರಿಸಿದ — ನಳಿಗೆಯೊಳಗೆ ಕಡ್ಡಿ ಇಳಿಸಿ, ಬಾಯಿಯ ಹತ್ತಿರ ಪೆನ್ಸಿಲಿನಲ್ಲಿ ಗೀಟು ಹಾಕಿ, ಹೊರಗೆಳೆದು ನಳಿಗೆಯ ಮೇಲೆ ಮಲಗಿಸಿದ, ತುದಿ ಬುಡ ಮುಟ್ಟಬೇಕಿತ್ತು, ಮುಟ್ಟಲಿಲ್ಲ, ಒಳಗಿದೆ ತಾಯಿ, ಮದ್ದು, ಅದ್ರ ಮೇಲೆ ಗುಂಡು, ಎನ್ನುತ್ತ ಪಿಸ್ತೂಲಿನ ಬಾಯಿಯನ್ನು ಮೆಲ್ಲಗೆ ಗೋಡೆಯ ಕಡೆ ತಿರುಗಿಸುತ್ತಾನೆ, ಅವಳು ಬಂದದ್ದು ಹಿಡಿಯ ಮೇಲಿನ ಬೆಳ್ಳಿ ತಗಡು ಬಿಗಿ ಮಾಡಿಸಲಿಕ್ಕೆ, ಬಸ್ಸಿನಲ್ಲಿ ಇದನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಂದಳಲ್ಲ, ಬಾಯಿ ತನ್ನ ಹೊಟ್ಟೆಯ ಕಡೆಗೇ. ಇದು ಮುತ್ತಜ್ಜಂದು, ಅವ್ರು ಸತ್ತು ಎಂಬತ್ತು ವರ್ಷ ಆಯ್ತು, ಅಷ್ಟು ಹಳೇ ಮದ್ದು ಸತ್ತಿರಲ್ವಾ ಎಂದಳು, ಮದ್ದಿಗೆ ಮುಪ್ಪಿಲ್ಲ ತಾಯಿ, ಒಣಗಿದ್ರೆ ಸಾಕು, ಕಿಡಿ ಹಾರಿಸೋ ಕೇಪು ಹಾಕಿಲ್ಲ ಅಂತ ಸುಮ್ನಿದೆ, ಇಲ್ಲಿ ಎರಡನೇ ನಂಬರು ಕೆತ್ತಿದೆಯಲ್ಲ, ಒಂದನೇದೆಲ್ಲಿ, ಜೋಡೀಲಿ ಒಂದನ್ನ ತುಂಬಿ ಒಂದನ್ನ ಖಾಲಿ ಇಟ್ಟೋರನ್ನ ನಾನು ನೋಡಿಲ್ಲ. ಒಂದನೆಯದು ತಮ್ಮನ ಮನೆಯಲ್ಲಿದೆ, ಇವತ್ತು ತಮ್ಮನ ಮಗಳಿಗೆ ಐದು ತುಂಬಿತು.

ನಾಲ್ಕು ಗಂಟೆಗೆ ಫೋಟೋ ಎಂದಿದ್ದ, ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಮೂರು ನಿಮಿಷ, ಆ ಕಡೆ ತಮ್ಮನ ಫೋನು ಬಡಿದುಕೊಳ್ಳುತ್ತಲೇ ಇದೆ, ಎತ್ತೋ, ಎತ್ತೋ — ಐದು ತುಂಬಿದ ಮಗುವನ್ನು ಕುರ್ಚಿಯಲ್ಲಿ ಕೂರಿಸುವುದು, ಪಿಸ್ತೂಲಿನ ಬಾಯಿ ಹಣೆಗಿಡುವುದು, ಮನೆಯವರೆಲ್ಲ ಸೇರಿ ಮೂರರವರೆಗೆ ಎಣಿಸಿ ಟಕ್ಕೆನಿಸುವುದು, ಕಣ್ಣು ಮಿಟುಕಿಸದಿದ್ದರೆ ಮುತ್ತಜ್ಜನ ರಕ್ತ, ಚಪ್ಪಾಳೆ, ಫೋಟೋ, ಇದು ಅಜ್ಜ ಶುರುಮಾಡಿದ ಆಟ, ಏಕೆಂದರೆ ತಗಡಿನ ಮೇಲೆ ಸಾಲುಸಾಲಾಗಿ ಕೆತ್ತಿದೆಯಲ್ಲ, ಭಯವರಿಯದ ನಮ್ಮ ದಳಪತಿಗೆ, ಬದುಕಿ ಉಳಿದ ನೂರಾ ಹನ್ನೆರಡು ಸಿಪಾಯಿಗಳ ಕಾಣಿಕೆ. ಅವಳ ಹಣೆಯ ಮೇಲೂ ಆ ತಣ್ಣನೆಯ ಉಂಗುರ ಕೂತಿತ್ತು, ಕಣ್ಣು ಮುಚ್ಚಿದಳು, ಇನ್ನೊಂದ್ಸಲ ಎಂದ ಅಜ್ಜ, ಮತ್ತೆ ಮುಚ್ಚಿದಳು, ಫ್ರಾಕು ಒದ್ದೆಯಾಯಿತು, ಅವತ್ತಿನಿಂದ ಅವಳು ಪುಕ್ಕಲಿ, ತಲೆ ನರೆತರೂ ಪುಕ್ಕಲಕ್ಕ, ಆಗಲೂ ಗುಂಡು ಅಲ್ಲೇ ಕೂತಿತ್ತು, ಆ ಎರಡು ಬೆರಳಿನಲ್ಲಿ. ಮುತ್ತಜ್ಜಿಗೆ ಮಾತ್ರ ಗೊತ್ತಿತ್ತು, ಪಿಸ್ತೂಲಿನ ಪೆಟ್ಟಿಗೆಯ ಬೀಗದ ಕೈ ಸೊಂಟದಲ್ಲೇ, ನಾನಿರೋ ತನಕ ಯಾರೂ ಮುಟ್ಟಕೂಡದು ಎನ್ನುತ್ತಿದ್ದಳಂತೆ, ಅವಳನ್ನೂ ನೋಡಿ ನಕ್ಕರು, ದಳಪತಿಯ ಹೆಂಡತಿ ಹೆದರುಪುಕ್ಕಲಿ ಎಂದರು, ಭಯವರಿಯದವನು ತುಂಬಿದ ಪಿಸ್ತೂಲು ತಲೆದಿಂಬಿನಡಿ ಇಟ್ಟುಕೊಂಡು ಮಲಗುತ್ತಾನೆಯೇ ಎಂದು ಜನ ಕೇಳಿಯಾರು, ಗಂಡನ ಹೆಸರಿಗೆ ಮಸಿ ಹತ್ತೀತೆಂದು ಕಾರಣ ಹೇಳದೆಯೇ ಸತ್ತಳು, ಹೇಳಬಾರದಿತ್ತೇ ಮುದುಕಿ, ಒಂದು ಮಾತು. ಈ ಪುಕ್ಕಲಕ್ಕ ತಾನೇ ಏನು ಹೇಳಿದಳು, ಹೋದ ವಾರ ತಮ್ಮ, ಹಳೇ ಸಾಮಾನಿನ ಅಂಗಡೀಲಿ ಕೇಪು ಸಿಕ್ತು ಕಣೇ ಅಕ್ಕಾ, ಈ ಸಲ ಬರೀ ಟಕ್ ಅಲ್ಲ, ಪಟಾರ್ ಅನ್ನತ್ತೆ, ಬೆಚ್ಚದೆ ಕೂತ್ರೆ ಅದು ಪರೀಕ್ಷೆ ಅಂದ್ರೆ, ಎಂದಾಗ ಬೇಡ ಕಣೋ ಎನ್ನಲು ಬಾಯಿ ತೆರೆದಳು, ಆದರೂ ನಕ್ಕಳು, ಎಲ್ಲಿ ಮತ್ತೆ ಪುಕ್ಕಲಿ ಎನ್ನುತ್ತಾನೋ ಎಂದು ನಕ್ಕಳು.

ಹಲೋ, ಏನೇ ಪುಕ್ಕಲಕ್ಕ, ಸರಿಯಾದ ಹೊತ್ತಿಗೆ ಮಾಡ್ದೆ — ತುಂಬಿದೆ ಕಣೋ, ಒಳಗೆ ಗುಂಡಿದೆ, ಕೆಳಗಿಡು, ಕೆಳಗಿಡೋ — ನಗುತ್ತಿದ್ದಾನೆ, ಕೇಳ್ರಪ್ಪಾ, ನಮ್ಮಕ್ಕಂಗೆ ಅಷ್ಟು ದೂರದಿಂದ್ಲೂ ಹೆದ್ರಿಕೆಯಂತೆ, ಫೋನು ಮೇಜಿನ ಮೇಲಿಡ್ತೀನಿ, ನೀನೂ ಎಣ್ಸು, ಠಕ್ಕೆಂದು ಇಟ್ಟ ಸದ್ದು, ಕುರ್ಚಿ ಎಳೆದ ಸದ್ದು, ಮಗುವಿನ ದನಿ, ಅತ್ತೆ, ನಾನು ನಿನ್ ಥರ ಅಲ್ಲ, ಮಿಟುಕ್ಸಲ್ಲ ನೋಡು — ಬೇಡ, ಮಿಟುಕಿಸೇ ಕಂದಾ, ಎದ್ದು ಓಡೇ, ಗಂಟಲು ಹರಿಯುವಂತೆ ಕೂಗುತ್ತಾಳೆ, ಆ ಕಡೆ ಹತ್ತು ಬಾಯಿ ಒಟ್ಟಿಗೆ ಒಂದು ಎನ್ನುತ್ತವೆ, ಅವಳ ಕೂಗೂ ಅದರಲ್ಲೇ ಸೇರಿಹೋಗುತ್ತದೆ, ಮುದುಕ ಕಡ್ಡಿ ಹಿಡಿದು ನಿಂತೇ ಇದ್ದಾನೆ, ಎರಡು, ಕಡ್ಡಿ, ಪೆನ್ಸಿಲ್ ಗೀಟು, ಬುಡ ಮುಟ್ಟದ ಆ ತುದಿ, ಎರಡು ಬೆರಳು, ಎರಡೇ ಬೆರಳು