ಭದ್ರಾವತಿಯ ಹತ್ತೊಂಬತ್ತು ವಿಧವೆಯರು

೨೦೨೪ನೆಯ ಇಸವಿ ನವೆಂಬರ್ ಹತ್ತೊಂಬತ್ತು, ಮಂಗಳವಾರ. ಶಿವಮೊಗ್ಗ ಮತ್ತು ಭದ್ರಾವತಿಯ ಐದು ಆಶ್ರಯ ಕೇಂದ್ರಗಳಲ್ಲಿ ಹಿಂದಿನ ರಾತ್ರಿ ಮಲಗಿದ್ದ ಮನೆಯಿಲ್ಲದವರು ನೂರ ಐವತ್ತೇಳು ಮಂದಿ: ಗಂಡಸರು ನೂರ ಮೂರು, ಹೆಂಗಸರು ಐವತ್ತನಾಲ್ಕು. ಈ ಲೆಕ್ಕದಲ್ಲಿ ಒಬ್ಬರು ಹೆಚ್ಚಿಲ್ಲ, ಒಬ್ಬರು ಕಡಿಮೆಯಿಲ್ಲ ಎಂದು ಸಮತಾ ಯಾರ ಮುಂದೆಯಾದರೂ ನಿಂತು ಹೇಳಬಲ್ಲವಳಾಗಿದ್ದಳು.

ಎರಡು ವರ್ಷದ ಹಿಂದೆ ಹಾಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಐದು ಕೇಂದ್ರಗಳನ್ನು ಐದು ಸಂಸ್ಥೆಗಳು ನಡೆಸುತ್ತಿದ್ದವು; ಒಬ್ಬೊಬ್ಬರದು ಒಂದೊಂದು ಪುಸ್ತಕ. ಒಂದು ಕಡೆ ಉಂಡು ಇನ್ನೊಂದು ಕಡೆ ಮಲಗಿದವನು ಎರಡು ಪುಸ್ತಕಗಳಲ್ಲಿ ಇಬ್ಬರಾಗುತ್ತಿದ್ದ. ಇಲ್ಲಿ ಹಾಸಿಗೆ ಖಾಲಿ ಬಿದ್ದಿರುವಾಗ ಅಲ್ಲಿ ಜಾಗವಿಲ್ಲವೆಂದು ಮುದುಕರನ್ನು ಬಾಗಿಲಿನಿಂದಲೇ ಕಳಿಸುತ್ತಿದ್ದರು. ಕೊನೆಗೆ ಐದೂ ಸಂಸ್ಥೆಗಳು ಸೇರಿ ಒಂದೇ ಕಂಪ್ಯೂಟರ್ ದಾಖಲೆ ಇಡಲು ಒಪ್ಪಿದವು. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎಸ್ಸಿ. ಮಾಡಿದ್ದ ಸಮತಾ ಅದನ್ನು ಸಿದ್ಧಪಡಿಸಿದಳು. ದಿನವೂ ವಿದ್ಯಾನಗರದಿಂದ ಸ್ಕೂಟರಿನಲ್ಲಿ ಬಂದು, ಶಿವಮೊಗ್ಗದ ಗಂಡಸರ ಕೇಂದ್ರದ ಅಡುಗೆಮನೆಗೆ ಅಂಟಿಕೊಂಡ ಕೋಣೆಯಲ್ಲಿ ಕುಳಿತು ಅದನ್ನು ನೋಡಿಕೊಳ್ಳುತ್ತಿದ್ದಳು.

ಆ ವ್ಯವಸ್ಥೆಯಲ್ಲಿ ಅವಳು ಬಿಗಿಯಾಗಿ ಹಿಡಿದ ನಿಯಮಗಳು ಎರಡು. ಮುಖ್ಯವಾದ ಯಾವ ಅಂಕಣವನ್ನೂ ಖಾಲಿ ಬಿಡುವಂತಿಲ್ಲ; ಬಿಟ್ಟರೆ ಕಂಪ್ಯೂಟರು ಮುಂದಿನ ಪುಟ ತೆರೆಯುವುದಿಲ್ಲ. ಎರಡನೆಯದಾಗಿ, ಹೆಂಗಸರ ದಾಖಲೆ ಅವರಿರುವ ಕೇಂದ್ರದವರಿಗೂ ಸಮತಾಳಿಗೂ ಹೊರತು ಮತ್ತಾರಿಗೂ ಕಾಣುವುದಿಲ್ಲ. ಆ ಹೆಂಗಸು ಒಪ್ಪದೆ ಆಕೆ ಎಲ್ಲಿದ್ದಾಳೆಂದು ಯಾರಿಗೂ ತಿಳಿಸುವಂತಿಲ್ಲ.

ಆ ದಿನ ಹತ್ತು ಗಂಟೆಗೆ ಜಯಪ್ಪ ಊರುಗೋಲು ಕುಟ್ಟುತ್ತ ಬಾಗಿಲಿಗೆ ಬಂದ. ಅರವತ್ತೆಂಟರ ಮುದುಕ. ಭದ್ರಾವತಿಯ ಆಚೆ ಒಂದು ಅಕ್ಕಿ ಗಿರಣಿಯಲ್ಲಿ ಕಾವಲು ಮಾಡಿಕೊಂಡು ಹೆಂಡತಿಯೊಂದಿಗೆ ಅಲ್ಲಿಯ ತಗಡಿನ ಕೋಣೆಯಲ್ಲೇ ಇದ್ದವನು. ಗಿರಣಿ ಮಾರಾಟವಾದಾಗ ಕೋಣೆಯೂ ಹೋಯಿತು. ಬಸ್ ನಿಲ್ದಾಣದಲ್ಲಿ ಮಲಗುತ್ತಿದ್ದಾಗ ಹೆಂಡತಿ ಎಲ್ಲಿಯೋ ತಪ್ಪಿಹೋದಳು. ಆರು ವಾರದಿಂದ, ಅವನು ಈ ಕೇಂದ್ರಕ್ಕೆ ಸೇರಿದಾಗಿನಿಂದ, ಅವನ ಪ್ರಶ್ನೆ ಒಂದೇ.

“ಇವತ್ತೂ ಇಲ್ವಾ ಮೇಡಂ?”

ಸಮತಾ ಎಂದಿನಂತೆ ಸಣ್ಣಮ್ಮ, ಗಂಡನ ಹೆಸರು ಜಯಪ್ಪ ಎಂದು ಒತ್ತಿದಳು. ಎಂದಿನಂತೆ ಏನೂ ಬರಲಿಲ್ಲ.

“ಗಂಡನ ಹೆಸರು ಜಯಪ್ಪ ಅಂತ ಇರೋ ಸಣ್ಣಮ್ಮ ಯಾರೂ ಇಲ್ಲ ಜಯಪ್ಪೋರೆ.”

“ಗಂಡನ ಹೆಸರು ಅಂತ ಯಾರು ಬರ್ಸಿರ್ತಾರೆ?”

“ಅವರೇ. ಕೇಂದ್ರಕ್ಕೆ ಸೇರುವಾಗ ಹೇಳ್ಬೇಕು.”

ಜಯಪ್ಪ ಊರುಗೋಲನ್ನು ಗೋಡೆಗೆ ಒರಗಿಸಿ ನಕ್ಕ. “ಅವಳಾ? ಮದ್ವೆ ಆಗಿ ನಲವತ್ತೆರಡು ವರ್ಷ ಆಯ್ತು, ನನ್ನ ಹೆಸರು ಅವಳ ಬಾಯಲ್ಲಿ ಒಂದಿನ ಬಂದಿಲ್ಲ. ರೇಷನ್ ಅಂಗಡೀಲಿ ಕೇಳಿದ್ರೂ ನನ್ನ ಕಡೆ ಕೈ ತೋರಿಸ್ತಾಳೆ. ನಿಮ್ಮ ಕಂಪ್ಯೂಟರಿಗೆ ಹೇಳ್ತಾಳಾ?”

ಪಕ್ಕದ ಒಲೆಯ ಮುಂದಿನಿಂದ ಅಡುಗೆಯ ಚಿನ್ನಮ್ಮ ದನಿಗೂಡಿಸಿದಳು. “ನಾನೂ ಹೇಳಲ್ಲಪ್ಪ. ಹೇಳಿದ್ರೆ ಗಂಡನ ಆಯಸ್ಸು ಕಮ್ಮಿ ಆಗುತ್ತಂತೆ.”

“ನಿಮ್ಮೋರು ಕುಡಿಯೋದು ನೋಡಿದ್ರೆ ನೀವು ಹೇಳಿದ್ರೂ ಒಂದೇ, ಬಿಟ್ರೂ ಒಂದೇ ಮಾರಾಯ್ತಿ,” ಎಂದ ಜಯಪ್ಪ.

ಚಿನ್ನಮ್ಮ ಸೌಟು ಎತ್ತಿ ತೋರಿಸಿದಳು. ಸಮತಾ ನಗಲಿಲ್ಲ. ಅವಳು ತನ್ನ ಗಂಡನನ್ನು ಹೆಸರು ಹಿಡಿದೇ ಕರೆಯುವವಳು. ಆದರೆ ಅವಳ ತಾಯಿ ಬ್ಯಾಂಕಿನ ಕೌಂಟರಿನಲ್ಲಿಯೂ ‘ನಮ್ಮನೆಯವರು’ ಎಂದು ಹೇಳಿ ನಿಂತುಬಿಡುತ್ತಿದ್ದುದು ಅವಳಿಗೆ ಈಗ ನೆನಪಾಯಿತು. ಎರಡು ವರ್ಷ ಬೇಕಾಯಿತು ಅದು ನೆನಪಾಗಲು.

ಜೊತೆಯಲ್ಲಿ ಇನ್ನೊಂದು ಲೆಕ್ಕವೂ ತಲೆಯೆತ್ತಿತು. ಶಿವಮೊಗ್ಗದ ಹೆಂಗಸರ ಕೇಂದ್ರದಲ್ಲಿ ಮೂವತ್ತೆರಡು ಮಂದಿಯಲ್ಲಿ ವಿಧವೆಯರು ಹನ್ನೊಂದು. ಭದ್ರಾವತಿಯಲ್ಲಿ ಇಪ್ಪತ್ತೆರಡರಲ್ಲಿ ಹತ್ತೊಂಬತ್ತು. ಈ ವ್ಯತ್ಯಾಸ ಅವಳ ಕಣ್ಣಿಗೆ ಹಿಂದೆಯೂ ಬಿದ್ದಿತ್ತು. ಶಿವಮೊಗ್ಗದ್ದು ಮಕ್ಕಳಿರುವ ಹೆಂಗಸರಿಗಾಗಿ ಇರುವ ಕೇಂದ್ರ, ಭದ್ರಾವತಿಯದು ಒಂಟಿ ಹೆಂಗಸರದು. ಒಂಟಿಯಾದವರಲ್ಲಿ ವಿಧವೆಯರು ಹೆಚ್ಚಿರುವುದು ಸಹಜವೆಂದು ತನಗೆ ತಾನೇ ಉತ್ತರ ಕೊಟ್ಟುಕೊಂಡು ಸುಮ್ಮನಾಗಿದ್ದಳು. ಈಗ ಬೇರೊಂದು ಉತ್ತರ ಹೊಳೆಯಿತು. ಶಿವಮೊಗ್ಗದಲ್ಲಿ ತಾಯಿ ಬಾಯಿ ಬಿಡದಿದ್ದರೆ ಅಪ್ಪನ ಹೆಸರನ್ನು ಮಕ್ಕಳು ಹೇಳುತ್ತಾರೆ. ಭದ್ರಾವತಿಯಲ್ಲಿ ಹೇಳುವವರು ಯಾರು?

ಗಂಡನ ಹೆಸರನ್ನು ಅಳಿಸಿ ಸಣ್ಣಮ್ಮ ಎಂದಷ್ಟೇ ಹುಡುಕಿದಳು. ಮೂರು ದಾಖಲೆ ಬಂದವು. ಇಬ್ಬರು ನಲವತ್ತರ ಒಳಗಿನವರು. ಮೂರನೆಯದು: ವಯಸ್ಸು ಅರವತ್ತೆರಡು, ಭದ್ರಾವತಿ ಕೇಂದ್ರಕ್ಕೆ ಸೇರಿದ್ದು ಸೆಪ್ಟೆಂಬರ್ ಐದು, ವಿಧವೆ, ಬಂಧುಗಳು ಇಲ್ಲ. ಕೆಳಗೆ ಇನ್ನೊಂದು ಸಾಲು: ಶುಕ್ರವಾರ ಹೊರಜಿಲ್ಲೆಯ ವೃದ್ಧಾಶ್ರಮಕ್ಕೆ ವರ್ಗ. ಅರವತ್ತು ದಾಟಿದ, ಯಾರೂ ಇಲ್ಲದ ವಿಧವೆಯರನ್ನು ಕಂಪ್ಯೂಟರೇ ಆರಿಸಿ ಕೊಟ್ಟ ಪಟ್ಟಿ ಅದು. ಎರಡೂರಿನ ಗಡಿ ದಾಟಿದವರ ಜಾಡು ಈ ವ್ಯವಸ್ಥೆಯಲ್ಲಿ ಉಳಿಯುವುದಿಲ್ಲ.

ಜಯಪ್ಪ ಅವಳ ಮುಖವನ್ನೇ ನೋಡುತ್ತಿದ್ದ. “ಸಿಕ್ಕಿದ್ಲಾ?”

“ಹೇಳೋಕಾಗಲ್ಲ.”

“ಇದಾಳೋ, ಇಲ್ವೋ? ಅಷ್ಟು ಹೇಳಿ ಸಾಕು.”

“ಎರಡನ್ನೂ ಹೇಳೋಕಾಗಲ್ಲ. ಗಂಡಸ್ರು ಯಾರು ಬಂದು ಕೇಳಿದ್ರೂ ಹೇಳಲ್ಲ.”

“ನಾನು ಅವಳನ್ನ ಹೊಡೆದು ಓಡ್ಸಿದೀನಿ ಅಂತಾನಾ ನಿಮ್ಮ ಅನುಮಾನ?”

“ಹೊಡೆದು ಓಡ್ಸಿದೋರೂ ನಿಮ್ಮ ಹಾಗೇ ಬಂದು ಕೇಳ್ತಾರೆ ಜಯಪ್ಪೋರೆ.”

ಮುದುಕ ಊರುಗೋಲನ್ನು ಮತ್ತೆ ಕೈಗೆ ತೆಗೆದುಕೊಂಡ. ಆಮೇಲೆ, “ಅದೂ ನಿಜವೇ,” ಎಂದ.

ಅವಳು ಕುರ್ಚಿ ಎಳೆದುಕೊಟ್ಟು, ತಪ್ಪಿಹೋದದ್ದು ಹೇಗೆಂದು ಮೊದಲಿನಿಂದ ಹೇಳಲು ಕೇಳಿದಳು. ಆರು ವಾರದಲ್ಲಿ ಯಾರೂ ಕೇಳಿರಲಿಲ್ಲ, ಅದಕ್ಕೊಂದು ಅಂಕಣವಿರಲಿಲ್ಲ. ಹನ್ನೊಂದು ವಾರದ ಹಿಂದೆ ಸಣ್ಣಮ್ಮನಿಗೆ ಜ್ವರ ಬಂದು ಭದ್ರಾವತಿಯಲ್ಲಿ ಒಂದು ಆಸ್ಪತ್ರೆಗೆ ಹೋಗಿದ್ದರು. ಅವಳನ್ನು ಬೆಂಚಿನ ಮೇಲೆ ಕೂರಿಸಿ, ಟೀ ತರುತ್ತೇನೆಂದು ಅವನು ರಸ್ತೆಗೆ ಇಳಿದ. ಬೈಕೊಂದು ಬಂದು ಬಡಿಯಿತು. ಎಚ್ಚರವಾದಾಗ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದ. ತೊಡೆಯ ಮೂಳೆ ಮುರಿದಿತ್ತು. ಯಾರೋ ಪುಣ್ಯಾತ್ಮರು ಆ ಬೆಂಚಿನ ಬಳಿ ವಿಚಾರಿಸಿ ಬಂದರು. ಅಷ್ಟರಲ್ಲಿ ವಾರ ಕಳೆದಿತ್ತು, ಬೆಂಚು ಖಾಲಿಯಾಗಿತ್ತು.

“ಎರಡು ದಿನ ಟೈಮ್ ಕೊಡಿ,” ಎಂದಳು ಸಮತಾ. “ಗುರುವಾರದೊಳಗೆ ಹೌದು ಅಂತಾನೋ ಅಲ್ಲ ಅಂತಾನೋ ಹೇಳ್ತೀನಿ.”

“ಹೇಳ್ತೀನಿ ಅಂದ್ಮೇಲೆ ಸಾಲ ಇದ್ದ ಹಾಗೆ, ನೋಡಿ,” ಎಂದು ಜಯಪ್ಪ ಎದ್ದ.

ಬುಧವಾರ ಬೆಳಿಗ್ಗೆ ಸಮತಾ ಬಸ್ಸು ಹತ್ತಿ ಭದ್ರಾವತಿಯ ಕೇಂದ್ರಕ್ಕೆ ಹೋದಳು. ಅಲ್ಲಿಯ ಮೇಲ್ವಿಚಾರಕಿ ವೀಣಾ ಚುರುಕಿನ ಹೆಂಗಸು, ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. ಹತ್ತೊಂಬತ್ತು ವಿಧವೆಯರ ವಿಷಯ ಕೇಳಿದ ಕೂಡಲೇ ಒಪ್ಪಿಕೊಂಡಳು.

“ಗಂಡನ ಹೆಸರು ಕೇಳಿದ್ರೆ ಬಾಯಿಗೆ ಸೆರಗು ಇಟ್ಕೋತಾರೆ ಮೇಡಂ. ಹಿಂದೆ ಇನ್ನಿಬ್ರು ಚಳೀಲಿ ನಿಂತಿರ್ತಾರೆ. ಖಾಲಿ ಬಿಟ್ರೆ ನಿಮ್ಮ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ. ವಿಧವೆ ಅಂತ ಒತ್ತಿದ್ರೆ ಆ ಪ್ರಶ್ನೇನೇ ಬರಲ್ಲ. ಒತ್ತಿಬಿಡ್ತೀನಿ.”

“ಅದು ಸುಳ್ಳಲ್ವಾ ವೀಣಾ?”

“ಸುಳ್ಳೇ. ಆದ್ರೆ ಹಾಸಿಗೆ ಸಿಗುತ್ತಲ್ಲ. ಶುರೂನಲ್ಲಿ ನಿಮಗೆ ಫೋನ್ ಮಾಡಿ ಕೇಳಿದ್ದೆ. ಯಾವ ಅಂಕಣಾನೂ ಖಾಲಿ ಇರಬಾರ್ದು ಅಂದ್ರಿ.”

ಸಣ್ಣಮ್ಮ ಎಲ್ಲಿದ್ದಾಳೆಂದು ಸಮತಾ ಕೇಳಿದಳು.

ಸಣ್ಣಮ್ಮ ಹಿತ್ತಲ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಸಣ್ಣ ದೇಹ, ನೆಟ್ಟಗಿನ ಬೆನ್ನು. ಶುಕ್ರವಾರದ ಪಟ್ಟಿಗೆ ಹೆಬ್ಬೆಟ್ಟು ಒತ್ತಿ ಆಗಿತ್ತು. ಸಮತಾ ಎದುರು ಕುಳಿತು, ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡಳು.

“ಸಣ್ಣಮ್ಮೋರೆ, ನಿಮ್ಮನ್ನ ಯಾರಾದ್ರೂ ಹುಡುಕ್ತಾ ಇದ್ರೆ, ಇಲ್ಲಿದೀರಿ ಅಂತ ಹೇಳ್ಬಹುದಾ?”

“ನನ್ನ ಯಾರವ್ವ ಹುಡುಕ್ತಾರೆ?”

“ಅದನ್ನ ನೀವೇ ಹೇಳ್ಬೇಕು.”

ಕಾಳುಗಳು ಒಂದೊಂದಾಗಿ ಬಟ್ಟಲಿಗೆ ಬಿದ್ದವು. “ಹುಡುಕೋರು ಇದ್ದಿದ್ರೆ ಬಿಟ್ಟು ಹೋಗ್ತಿದ್ರಾ? ಟೀ, ಬನ್ನು ತರ್ತೀನಿ ಅಂತ ಹೋದ್ರು. ಎರಡು ದಿನ ಅದೇ ಬೆಂಚಲ್ಲಿ ಕೂತಿದ್ದೆ. ನಾನೂ ಭಾರ ಆದೆ ಅನ್ಸುತ್ತೆ. ಈ ಕೇಂದ್ರದವ್ರು ಬಂದು ಕರ್ಕೊಂಡು ಬಂದ್ರು.”

ಟೀ, ಬೆಂಚು ಎಂದೊಡನೆ ಸಮತಾಳಿಗೆ ಜಯಪ್ಪನ ಮಾತು ನೆನಪಾಯಿತು. ಆದರೆ ಅವಳು ಲೆಕ್ಕ ಕಲಿತವಳು. ಜಯಪ್ಪ ಹೇಳಿದ್ದು ಟೀ ಮಾತ್ರ. ಬನ್ನಿನ ಮಾತೇ ಬಂದಿರಲಿಲ್ಲ. ಟೀ ತರಲು ಹೋಗಿ ತಿರುಗಿ ಬಾರದ ಗಂಡಸರು ಲೋಕದಲ್ಲಿ ಒಬ್ಬರೇ ಇರಲಾರರು.

“ಅವರ ಹೆಸರೇನು?”

ಸಣ್ಣಮ್ಮ ತಲೆ ತಗ್ಗಿಸಿದಳು. “ನೀವೇ ಹೇಳಿ. ಹೌದೋ ಅಲ್ವೋ ಅಂತೀನಿ.”

ಮಾತು ಅಲ್ಲಿಗೆ ಸಿಕ್ಕಿಕೊಂಡಿತು. ಹೆಸರನ್ನು ಹೆಂಡತಿ ಹೇಳುವಂತಿಲ್ಲ. ಅದು ಅವಳ ನಿಯಮ. ಹುಡುಕುತ್ತಿರುವವನ ಹೆಸರನ್ನು ಸಮತಾ ಮೊದಲು ಹೇಳುವಂತಿಲ್ಲ. ಇದು ಇವಳ ನಿಯಮ. ಒಂದೇ ಹೆಸರು ಹೇಳಿ ‘ಹೌದಾ’ ಎಂದರೆ, ಒಂಟಿಯಾಗಿ ದಣಿದ ಯಾರಾದರೂ ಹೌದೆಂದಾರು. ಸಮತಾ ಸಿಪ್ಪೆಗಳನ್ನು ಬದಿಗೆ ಸರಿಸಿ, ಫೋನಿನಲ್ಲಿ ಗಂಡಸರ ದಾಖಲೆ ತೆರೆದು ಹತ್ತು ಹೆಸರು ಆರಿಸಿಕೊಂಡಳು.

“ನಾನು ಹತ್ತು ಹೆಸರು ಓದ್ತೀನಿ. ನೀವು ಬಾಯಿ ಬಿಡೋದು ಬೇಡ. ನಿಮ್ಮೋರ ಹೆಸರು ಬಂದ್ರೆ ತಲೆ ಮೇಲೆ ಸೆರಗು ಎಳ್ಕೊಳ್ಳಿ. ಬರ್ದೇ ಇದ್ರೆ ಸುಮ್ನಿರಿ.”

ಶೇಷಪ್ಪ. ಚೌಡಪ್ಪ. ಜಂಬಣ್ಣ. ಸಣ್ಣಮ್ಮನ ಕೈ ಅವರೆಕಾಯಿ ಬಿಟ್ಟು ಅಲುಗಲಿಲ್ಲ. ವೀರೇಂದ್ರ ಎಂದಾಗ ಮಾತ್ರ ನಕ್ಕಳು. “ಅಂಥ ಹೆಸರಿನವ್ರನ್ನ ಕಟ್ಕೊಂಡಿದ್ರೆ ನಾನಿಲ್ಲಿ ಯಾಕವ್ವ ಇರ್ತಿದ್ದೆ?” ಇನ್ನೆರಡು ಹೆಸರು ದಾಟಿದವು. ಏಳನೆಯದು ಜಯಪ್ಪ. ಸಣ್ಣಮ್ಮ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು.

ಸಮತಾ ನಿಲ್ಲಿಸದೆ ಹತ್ತನೆಯವರೆಗೂ ಓದಿದಳು. ಆಮೇಲೆ ಕ್ರಮ ಬದಲಿಸಿ ಇನ್ನೊಮ್ಮೆ ಓದಿದಳು. ಈ ಬಾರಿ ಜಯಪ್ಪ ಮೂರನೆಯವನು. ಮೂರನೆಯ ಹೆಸರಿಗೆ ಸೆರಗು ಮತ್ತೆ ಏರಿತು. ಹೆಸರಿಗೆ ಕಿವಿಗೊಡದೆ ಬರೀ ಊಹೆಯಿಂದ ಸೆರಗೆಳೆದರೆ ಒಮ್ಮೆ ಸರಿಯಾಗುವ ಸಂಭವ ಹತ್ತರಲ್ಲಿ ಒಂದು, ಎರಡು ಬಾರಿಯೂ ಸರಿಯಾಗುವುದು ನೂರರಲ್ಲಿ ಒಂದು. ಸಮತಾ ಅದನ್ನು ಸಾಕೆಂದು ಒಪ್ಪಿದಳು. ಅಪಘಾತದ ಸಂಗತಿ ಹೇಳಿದ್ದು ಅದಾದ ಮೇಲೆಯೇ.

ಸಣ್ಣಮ್ಮ ಸೆರಗನ್ನು ಇಳಿಸಲಿಲ್ಲ. ಅದರ ಒಳಗಿನಿಂದಲೇ ಕೇಳಿದಳು: “ನಡೀತಾರಾ?”

“ಕೋಲು ಹಿಡ್ಕೊಂಡು ನಡೀತಾರೆ. ನೀವಿಲ್ಲಿದೀರಿ ಅಂತ ಹೇಳ್ಲಾ?”

“ಹೇಳಿ. ಬಂದು ಮುಖ ತೋರಿಸ್ಲಿ.”

ಅಂದು ಮಧ್ಯಾಹ್ನ ಸಮತಾ ಮತ್ತು ವೀಣಾ ಸೇರಿ ಉಳಿದ ಹದಿನೆಂಟು ಮಂದಿಯನ್ನು ಒಬ್ಬೊಬ್ಬರಾಗಿ ಕೂರಿಸಿ ಮಾತಾಡಿಸಿದರು. ನಿಜವಾದ ವಿಧವೆಯರು ಹನ್ನೊಂದು. ಗಂಡ ಬದುಕಿರುವವರು, ಸಣ್ಣಮ್ಮನನ್ನು ಸೇರಿಸಿ, ಎಂಟು. ಅವರಲ್ಲಿ ಐವರು, ಯಾರು ಬಂದು ಕೇಳಿದರೂ ತಾವಿಲ್ಲಿರುವುದನ್ನು ಹೇಳಕೂಡದೆಂದು ಕೈಮುಗಿದರು. ಅವರಲ್ಲೊಬ್ಬಳು, “ನನ್ನದು ಬರ್ದಿರೋದು ಸರಿಯಾಗೇ ಇದೆ ಮೇಡಂ, ತಿದ್ದೋಕೆ ಹೋಗ್ಬೇಡಿ,” ಎಂದಳು. ಇನ್ನಿಬ್ಬರನ್ನು ಯಾರೂ ಹುಡುಕುತ್ತಿರಲಿಲ್ಲ. ಸಮತಾ ಎರಡನೆಯ ನಿಯಮವನ್ನು ಹಾಗೆಯೇ ಉಳಿಸಿ ಮೊದಲನೆಯದನ್ನು ಸಡಿಲಿಸಿದಳು: ಗಂಡನ ಹೆಸರಿನ ಅಂಕಣ ಇನ್ನು ಮುಂದೆ ಖಾಲಿ ಇರಬಹುದು. ಸಣ್ಣಮ್ಮನ ಹೆಸರು ಶುಕ್ರವಾರದ ಪಟ್ಟಿಯಿಂದ ಹೋಯಿತು. ಹೆಬ್ಬೆಟ್ಟಿನ ಹಾಳೆಯನ್ನು ವೀಣಾ ಹರಿದಳು.

ಸಂಜೆ ಶಿವಮೊಗ್ಗದಲ್ಲಿ ಜಯಪ್ಪನಿಗೆ ವಿಷಯ ತಿಳಿಸುವಾಗ, ದಾಖಲೆಯಲ್ಲಿ ವಿಧವೆ ಎಂದಿದ್ದುದನ್ನೂ ಸಮತಾ ಮುಚ್ಚಿಡಲಿಲ್ಲ.

“ಅಂದ್ರೆ ಹನ್ನೊಂದು ವಾರದಿಂದ ನಾನು ಸತ್ತಿದೀನಿ,” ಎಂದ ಜಯಪ್ಪ.

“ನೀವೊಬ್ರೇ ಅಲ್ಲ. ಎಂಟು ಜನ.”

“ಹೆಸರು ಹೇಳಿದ್ರೆ ಗಂಡನ ಆಯಸ್ಸು ಹೋಗುತ್ತೆ ಅಂತಿದ್ವಿ,” ಎಂದಳು ಚಿನ್ನಮ್ಮ. “ನಿಮ್ಮ ಕಂಪ್ಯೂಟರು ಹೇಳ್ದೇ ಇದ್ದಿದ್ಕೇ ಸಾಯಿಸಿಬಿಡ್ತಲ್ಲವ್ವ!”

ಬೆಳಿಗ್ಗೆ ಸಿದ್ಧವಾಗಿರಲು ಸಮತಾ ಜಯಪ್ಪನಿಗೆ ಹೇಳಿದಳು.

ಗುರುವಾರ ಹತ್ತೂವರೆಗೆ ಅವಳೇ ಜಯಪ್ಪನನ್ನು ಭದ್ರಾವತಿಗೆ ಕರೆದೊಯ್ದಳು. ಕೇಂದ್ರದ ಗೇಟಿನ ಬಳಿ ಸಣ್ಣಮ್ಮ ನಿಂತಿದ್ದಳು. ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಮುರಿದ ಕಾಲನ್ನು ಇನ್ನೊಮ್ಮೆ ನೋಡಿದಳು. ಕೊನೆಗೆ ಅವನ ಖಾಲಿ ಕೈಯನ್ನು ನೋಡಿದಳು.

“ಟೀ ಎಲ್ಲಿ?”

“ತರ್ತೀನಿ, ತಾಳು,” ಎಂದು ಜಯಪ್ಪ ರಸ್ತೆಯಾಚೆಯ ಗೂಡಂಗಡಿಯ ಕಡೆಗೆ ತಿರುಗಿದ.

“ನಿಂತ್ಕೊಳ್ಳಿ ಅಲ್ಲೇ!” ಸಣ್ಣಮ್ಮನ ದನಿಗೆ ವೀಣಾ ಸಹ ಬೆಚ್ಚಿದಳು. “ನೀವು ಒಬ್ರೇ ಹೋಗಿದ್ದು ಸಾಕು. ನಾನೂ ಬರ್ತೀನಿ.”

ಅವಳು ಅವನ ತೋಳು ಹಿಡಿದಳು. ಎರಡೂ ಕಡೆಯ ವಾಹನಗಳು ಪೂರ್ತಿ ಹೋಗುವವರೆಗೆ ಕಾದು ರಸ್ತೆ ದಾಟಿಸಿದಳು. ಸಮತಾ ನಾಲ್ಕು ಹೆಜ್ಜೆ ಹಿಂದೆ ನಡೆದಳು. ಅಂಗಡಿಯವನು ಎರಡು ಗ್ಲಾಸು ಟೀ ಇಟ್ಟ. ಸಣ್ಣಮ್ಮ ತನ್ನದನ್ನು ಕೊನೆಯ ಗುಟುಕಿನವರೆಗೂ ಕುಡಿದು ಗ್ಲಾಸನ್ನು ಕೆಳಗಿಟ್ಟಳು.

“ಬನ್ನು?” ಎಂದಳು.

“ಬನ್ನು ಅಂತ ನಾನೆಲ್ಲಿ ಹೇಳಿದ್ದೆ? ಟೀ ಅಂತ ಮಾತ್ರ ಹೇಳಿದ್ದು.”

“ಟೀ, ಬನ್ನು ಅಂದಿದ್ರಿ. ಎರಡು ದಿನ ಕೂತು ಅದನ್ನೇ ಯೋಚ್ನೆ ಮಾಡ್ತಿದ್ದೋಳು ನಾನು. ನಂಗೆ ಗೊತ್ತಿಲ್ವಾ?”

ಜಯಪ್ಪ ಸಾಕ್ಷಿಗಾಗಿ ಸಮತಾಳ ಮುಖ ನೋಡಿದ. ಸಮತಾ ತಾನು ಕೇಳಿದಂತೆಯೇ ಹೇಳಿದಳು: ಇವರ ಹೇಳಿಕೆಯಲ್ಲಿ ಬನ್ನು ಇಲ್ಲ, ಅವರ ಹೇಳಿಕೆಯಲ್ಲಿ ಇದೆ, ತೀರ್ಮಾನಿಸಲು ಮೂರನೆಯ ಸಾಕ್ಷಿಯಿಲ್ಲ. ಅಂಗಡಿಯವನನ್ನು ಕೇಳಿದರೆ ಬನ್ನು ಬೆಳಿಗ್ಗೆಯೇ ಮುಗಿದಿತ್ತು.

“ಇರ್ಲಿ ಬಿಡಿ,” ಎಂದು ಸಣ್ಣಮ್ಮ ಮತ್ತೆ ಅವನ ತೋಳು ಹಿಡಿದಳು. “ಬನ್ನು ಬಾಕಿ.”