ಸಂಚಾಲಕರ ಮೂಗು ಮತ್ತು ಪ್ಯಾರಾಚೂಟು

ಕಡಬದ ಆ ಪದವಿಪೂರ್ವ ಕಾಲೇಜಿಗೆ ಬೆಳ್ಳಿಹಬ್ಬ ಬಂದಾಗ, ಸ್ಮರಣ ಸಂಚಿಕೆಯನ್ನು ಊರವರೆಲ್ಲರ ಹಾಗೆ ತಟ್ಟೆಯಲ್ಲಿಟ್ಟು ಬಿಡುಗಡೆ ಮಾಡುವುದು ತಮ್ಮ ಘನತೆಗೆ ಕಮ್ಮಿ ಎಂದು ಸಂಚಾಲಕ ತೀರ್ಥರಾಮ ಗೌಡರಿಗೆ ಅನ್ನಿಸಿತು. ಸಂಚಿಕೆ ಆಕಾಶದಿಂದ ಇಳಿಯಬೇಕು, ಮುಖ್ಯ ಅತಿಥಿಗಳ ಕೈಯಲ್ಲೇ ಬಂದು ಕೂರಬೇಕು. ಅಡಿಕೆಗೆ ಮದ್ದು ಬಿಡುವ ಡ್ರೋನ್ ಇಟ್ಟುಕೊಂಡಿದ್ದ ಅಜ್ಜಾವರದ ಶೈಲೇಶ್ ಅದನ್ನು ಮೇಲಕ್ಕೆ ಒಯ್ಯಲು ಒಪ್ಪಿದ. ಇಳಿಸುವ ಹೊಣೆ ಭೌತಶಾಸ್ತ್ರದ ಉಪನ್ಯಾಸಕಿ ಸುಪ್ರಿತಾಳ ತಲೆಗೆ ಬಂತು. ಗುರುತ್ವಾಕರ್ಷಣೆ ಆಕೆಯ ವಿಭಾಗಕ್ಕೆ ಸೇರಿದ್ದಲ್ಲವೇ!

ಸುಪ್ರಿತಾಳಿಗೆ ಒಳಗೊಳಗೇ ಖುಷಿ. ಇಷ್ಟು ವರ್ಷ ಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸಿದ ಗಾಳಿಯ ತಡೆಯನ್ನು ಒಮ್ಮೆಯಾದರೂ ಮಕ್ಕಳು ಕಣ್ಣಾರೆ ನೋಡುತ್ತಾರೆ. ಕೊಡೆಯ ಬಟ್ಟೆ ತಂದು ತಾನೇ ಪ್ಯಾರಾಚೂಟು ಹೊಲಿದಳು. ಸಂಚಾಲಕರು ಅದರ ಒಳಮೈ ತುಂಬ, ಕೆಳಗಿನಿಂದ ಕಾಣುವ ಹಾಗೆ, ತಮ್ಮ ಮುಖ ಅಚ್ಚು ಹಾಕಿಸಿ ತಂದರು. ಸುಪ್ರಿತಾ ನಟ್ಟನಡುವೆ ಬಳಪದಿಂದ ಒಂದು ವೃತ್ತ ಎಳೆದು ಕತ್ತರಿ ಎತ್ತಿಕೊಂಡಳು.

“ಎಂತದು ಮೇಡಂ? ನನ್ನ ಮೂಗಿಗೆ ತೂತಾ?”

“ಒಳಗೆ ತುಂಬಿದ ಗಾಳಿಗೆ ಹೋಗ್ಲಿಕ್ಕೆ ಒಂದು ದಾರಿ ಬೇಕು ಸಾರ್. ಇಲ್ಲದಿದ್ರೆ ಅದು ಒಮ್ಮೆ ಈ ಅಂಚಿನಿಂದ, ಒಮ್ಮೆ ಆ ಅಂಚಿನಿಂದ ನುಗ್ಗಿ ಹೊರಗೆ ಬರ್ತದೆ. ಪ್ಯಾರಾಚೂಟು ತೊಟ್ಟಿಲಿನ ಹಾಗೆ ತೂಗ್ತದೆ.”

“ತೂಗಲಿ. ನೋಡ್ಲಿಕ್ಕೆ ಚಂದ ಉಂಟು.”

“ಚಿತ್ರವನ್ನು ಸ್ವಲ್ಪ ಬದಿಗೆ ಹಾಕಿಸಿದ್ರೆ...”

“ನಾನು ಬದಿಗೆ ಹೋಗುದಾ? ನನ್ನದೇ ಕಾಲೇಜಿನಲ್ಲಿ?”

“ಸಂಚಾಲಕರು ಹೇಳುದರಲ್ಲಿ ತರ್ಕ ಉಂಟು” ಎಂದರು ಪ್ರಾಂಶುಪಾಲ ಕೃಷ್ಣಮೋಹನರು. ಆ ತರ್ಕದ ಬಲದಿಂದಲೇ ಅವರು ಪ್ರಾಂಶುಪಾಲರಾದದ್ದು. ಕತ್ತರಿ ಮೇಜಿಗೆ ಮರಳಿತು.

ಹಿಂದಿನ ದಿನ ಪರೀಕ್ಷೆಗೆಂದು ತೆಂಗಿನಕಾಯಿ ಕಟ್ಟಿ ಬಿಟ್ಟರು. ಅದು ತೂಗಿ ತೂಗಿ ಹೋಗಿ ಧ್ವಜಕಟ್ಟೆಗೆ ಬಡಿದು ಎರಡು ಹೋಳಾಯಿತು. “ಶುಭ ಶಕುನ!” ಎಂದು ಸಂಚಾಲಕರು ಕೈಮುಗಿದರು.

ಸಮಾರಂಭದ ದಿನ ಡ್ರೋನ್ ಮೇಲೇರಿ ಗಂಟನ್ನು ಬಿಟ್ಟಿತು. ಸಂಚಿಕೆ ಕಲ್ಲಿನ ಹಾಗೆ ಧುಮುಕಿತು. ಆಗ ಹಗ್ಗಗಳು ಬಿಗಿದವು, ಮುದುಡಿದ ಬಟ್ಟೆಯ ಬಾಯಿಂದ ಗಾಳಿ ಒಳನುಗ್ಗಿ ನೆತ್ತಿಗೆ ಏರಿ ಒತ್ತಿತು. ಮೊದಲು ಮೂಗು ಉಬ್ಬಿತು, ಆಮೇಲೆ ಕೆನ್ನೆ, ಕೊನೆಗೆ ಕಿವಿ. ಬೀಳುವ ವೇಗ ಒಮ್ಮೆಲೇ ತಗ್ಗಿತು. ಬಟ್ಟೆ ಅವಳ ಪಾಠವನ್ನು ಅಕ್ಷರ ತಪ್ಪದೆ ಒಪ್ಪಿಸಿತ್ತು. ಸಂಚಾಲಕರ ಮುಖ ಅವಳಿಗೆ ಮೊದಲ ಸಲ ಸುಂದರವಾಗಿ ಕಂಡಿತು. ಕೆಳಗಿನಿಂದ ಕ್ಯಾಮೆರಾಗಳು ಕ್ಲಿಕ್ಕಿಸಿದವು.

ಆಮೇಲೆ ಗಾಳಿ ಹೊರದಾರಿ ಹುಡುಕತೊಡಗಿತು. ಮುಖ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ಕೈಚಾಚಿ ನಿಂತಿದ್ದ ಮುಖ್ಯ ಅತಿಥಿಗಳು ಕಬಡ್ಡಿ ಆಟಗಾರರ ಹಾಗೆ ವೇದಿಕೆಯ ಈ ಕೊನೆಗೂ ಆ ಕೊನೆಗೂ ಓಡಿದರು. ಸಂಚಿಕೆ ಅವರ ತಲೆಯ ಮೇಲಿನಿಂದ ಹಾದು, ಅಡುಗೆಯವರಿದ್ದ ಕಡೆಗೆ ಹೋಗಿ, ಸಾರಿನ ಕಡಾಯಿಗೆ ಬಿತ್ತು.

“ಇದು ಯಾರ ಪುಸ್ತಕ ಮಾರಾಯ್ರೆ?” ಅಡುಗೆಯ ಮುರಳಿಕೃಷ್ಣ ಸೌಟಿನಿಂದ ಎತ್ತಿ ಕೇಳಿದ.

ಸಂಚಿಕೆಗೆ ಅಷ್ಟಾದರೂ ಸಾರ ಸೇರಿತು ಎಂದು ಕನ್ನಡ ಉಪನ್ಯಾಸಕರು ಗೊಣಗಿದ್ದು ಅದೃಷ್ಟಕ್ಕೆ ವೇದಿಕೆಗೆ ಕೇಳಲಿಲ್ಲ.

ಸುಪ್ರಿತಾ ರಾಜೀನಾಮೆಯ ವಾಕ್ಯಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಮನೆಗೆ ಹೋದಳು. ಬೆಳಿಗ್ಗೆ ಪತ್ರಿಕೆಯಲ್ಲಿ, ಗಾಳಿ ತುಂಬಿ ಅರಳಿದ ಆ ಒಂದು ಕ್ಷಣದ ಸಂಚಾಲಕರು ರಾರಾಜಿಸುತ್ತಿದ್ದರು: ‘ಬಾನಿನಿಂದ ಇಳಿದ ಜ್ಞಾನ’. ಸಾರಿನ ಸುದ್ದಿ ಎಲ್ಲೂ ಇರಲಿಲ್ಲ. ಕಾಲೇಜಿನಲ್ಲಿ ಅವಳಿಗೆ ಶಾಲು ಹೊದೆಸಿದರು.

“ಮೇಡಂ, ಮುಂದಿನ ವರ್ಷ ನಾನೇ ಹಾಗೆ ಇಳಿದ್ರೆ ಹೇಗೆ?” ಸಂಚಾಲಕರು ಸಿಬ್ಬಂದಿ ಕೋಣೆಗೇ ಬಂದು ಕೇಳಿದರು.

ಎಲ್ಲರೂ ಸುಪ್ರಿತಾಳನ್ನು ತುಂಬು ನಿರೀಕ್ಷೆಯಿಂದ ನೋಡಿದರು, ಪ್ರಾಂಶುಪಾಲರೂ ಸಹ. ಸತ್ಯ ಹೇಳುವುದು ಅವಳಿಗೆ ಯಾವತ್ತೂ ಇಷ್ಟು ಕಷ್ಟವಾಗಿರಲಿಲ್ಲ.

“ಬೇಡ ಸಾರ್” ಎಂದಳು ಕೊನೆಗೆ. “ಜೀವಕ್ಕೆ ಅಪಾಯ.”

ಆ ವಾರವಿಡೀ ಚಹಾದ ಹೊತ್ತಿನಲ್ಲಿ ಯಾರೂ ಅವಳೊಡನೆ ಮಾತಾಡಲಿಲ್ಲ.